ಚಿತ್ರದಲ್ಲಿ ವರಾಂಡ ಇರಲಿಲ್ಲ

ಮಖ್ತಲದ ನಮ್ಮ ಹೊಸ ಪ್ರಾರ್ಥನಾಲಯದ ಚಾವಣಿ ಬೆಳ್ಳಗಿದೆ. ಮಂಗಳೂರು ಹೆಂಚಿನ ಮೇಲೆ ಸುಣ್ಣ ಬಳಿದಿದ್ದಾರೆ. ಮಳೆಗಾಲದಲ್ಲಿ ಅದು ಗೋಡೆಯ ಮೇಲೆಲ್ಲ ಇಳಿದುಹೋಗುತ್ತದೆ. ಮಳೆ ನಿಂತ ಮೇಲೆ ಆಳನ್ನು ಏಣಿ ಹತ್ತಿಸಿ ಮತ್ತೆ ಬಳಿಸುತ್ತಾರೆ. ಗದ್ವಾಲದ ಬಸ್ಸಿನಲ್ಲಿ ಹೋಗುವವರು ಕಿಟಕಿಯಿಂದ ಕತ್ತು ಹೊರಹಾಕಿ ನೋಡಿ ನಗುತ್ತಾರೆ. ಹೆಂಚಿಗೆ ಸುಣ್ಣ ಹಚ್ಚುವ ಜನ ಈ ಸೀಮೆಯಲ್ಲಿ ಬೇರೆಲ್ಲೂ ಇಲ್ಲ. ಇದಕ್ಕೆ ಕಾರಣ ಒಂದು ಅಂಚೆ ಕಾರ್ಡಿನ ಚಿತ್ರ ಮತ್ತು ಅದನ್ನು ನೋಡಿದ ಒಬ್ಬ ಮನುಷ್ಯ. ಕಾರಣ ಗೊತ್ತಿದ್ದೂ ಬಾಯಿ ಬಿಡದೆ ಕುಳಿತವಳು ನಾನು.

ನಿಜಾಮರ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆಕ್ಷನ್ ಮುಗಿದ ಮರುವರ್ಷ ನಾನು ಹೈದರಾಬಾದಿನಲ್ಲಿ ಓದು ಮುಗಿಸಿ ಊರಿಗೆ ಬಂದೆ. ಗಣಿತವನ್ನೆಲ್ಲ ಉರ್ದುವಿನಲ್ಲಿ ಕಲಿತಿದ್ದೆ. ಬರುವ ಹೊತ್ತಿಗೆ ಆ ಭಾಷೆಯನ್ನು ಗಟ್ಟಿಯಾಗಿ ಮಾತಾಡುವುದಕ್ಕೇ ಜನ ಹಿಂದೆಮುಂದೆ ನೋಡುತ್ತಿದ್ದರು. ಅಪ್ಪ ಮಿಷನ್ನಿನ ದವಾಖಾನೆಯಲ್ಲಿ ಕಂಪೌಂಡರ್. ಆ ಮಳೆಗಾಲದಲ್ಲಿ ನಮ್ಮ ಹಳೆಯ ಪ್ರಾರ್ಥನೆಯ ಹಜಾರದ ಮಣ್ಣಿನ ಮಾಳಿಗೆ ಒಂದು ಮೂಲೆಯಿಂದ ಕುಸಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಹೊಸದೊಂದು ಕಟ್ಟಬೇಕೆಂದು ಕಮಿಟಿ ಆಯಿತು.

ಕಮಿಟಿಯ ಅಧ್ಯಕ್ಷರು ಪೇಶ್ಕಾರರು. ತಹಸೀಲಿನಲ್ಲಿ ಸಾಹೇಬರ ಮುಂದೆ ಕಡತ ಇಡುವ ಕೆಲಸದಲ್ಲಿ ಮುದುಕರಾದವರು. ನಿಜಾಮರ ಕಾಲದಲ್ಲಿ ಕಪ್ಪು ಶೇರವಾನಿ, ಕೆಂಪು ರೂಮಿ ಟೋಪಿ. ಸೈನ್ಯ ಬಂದ ಎರಡನೇ ವಾರಕ್ಕೆ ಬಿಳಿ ಖಾದಿ ಟೋಪಿ. ಟೋಪಿಯ ಕೆಳಗಿನದು ಬದಲಾದ ಗುರುತು ನನಗೆ ಕಾಣಲಿಲ್ಲ. ಅವರಿಗೆ ಸದಾ ಮೇಲೆ ಒಬ್ಬ ಸಾಹೇಬ ಬೇಕು. ನಿಜಾಮರ ಸಾಹೇಬರು ಹೋದರು, ಮಿಷನ್ನಿನ ಬಿಳಿಯ ದೊರೆಗಳೂ ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು. ಇನ್ನು ಉಳಿದದ್ದು ದೊರೆಗಳ ಕಟ್ಟಡದ ನಮೂನೆಯೊಂದೇ. ಅದನ್ನಾದರೂ ಬಿಡಬಾರದೆಂದು ಪೇಶ್ಕಾರರು ನಿಶ್ಚಯಿಸಿದ್ದರು.

ನಮ್ಮ ಮನೆಯ ಪಡಸಾಲೆಯಲ್ಲಿ ಮೊದಲ ಸಭೆ. ಪೇಶ್ಕಾರರು ಕೋಟಿನ ಒಳಜೇಬಿನಿಂದ ಒಂದು ಬಣ್ಣದ ಅಂಚೆ ಕಾರ್ಡು ತೆಗೆದರು. ಸ್ವದೇಶಕ್ಕೆ ಮರಳಿದ ದೊರೆಸಾನಿ ತನ್ನ ಊರಿನ ಚರ್ಚಿನ ಚಿತ್ರ ಕಳಿಸಿದ್ದಳು. ಕಲ್ಲಿನ ಗೋಡೆ, ಚೂಪು ಕಮಾನಿನ ಬಾಗಿಲು, ಗಂಟೆಯ ಚಿಕ್ಕ ಗೋಪುರ, ಕಡಿದಾದ ಚಾವಣಿ. ಚಾವಣಿಯ ಮೇಲೆ ದಪ್ಪಗೆ ಹಿಮ ಬಿದ್ದಿತ್ತು.

"ನೋಡ್ರಿ" ಎಂದು ಪೇಶ್ಕಾರರು ಕಾರ್ಡನ್ನು ಎಲ್ಲರ ಮೂಗಿನ ಮುಂದೆ ಹಿಡಿದರು. "ಚಾವಣಿಗೂ ಸುಣ್ಣ ಹಚ್ಯಾರ! ಸ್ವಚ್ಛತಾ ಅಂದ್ರ ಇದು. ನಮ್ಮ ಮಂದಿ ಗ್ವಾಡಿಗೆ ಸುಣ್ಣ ಹಚ್ಚಾಕ ಜೀವ ಬಿಡ್ತಾರ."

"ಹೌದೌದ್ರಿ" ಎಂದರು ಪಾದ್ರಿ ಅಯ್ಯನವರು. ಅವರು ಒಳ್ಳೆಯವರು. ಯಾರು ಏನು ಹೇಳಿದರೂ ಹೌದೌದ್ರಿ ಎನ್ನುವಷ್ಟು ಒಳ್ಳೆಯವರು.

ಹಿಮವೆಂದರೆ ಏನೆಂದು ನಾನು ಇಂಗ್ಲಿಷ್ ಪಠ್ಯದಲ್ಲಿ ಓದಿದ್ದೆ, ಚಿತ್ರವನ್ನೂ ನೋಡಿದ್ದೆ. ಹೇಳಬಹುದಿತ್ತು. ಒಳಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ.

ಕೇಳಿದ್ದು ಬೇರೆಯದು. ರಾಯಚೂರಿನ ಇಂಜಿನಿಯರ್ ಬರಲಾರೆನೆಂದು ಹೇಳಿಕಳಿಸಿದ್ದ. ಪೇಶ್ಕಾರರು ನನ್ನ ಕಡೆ ತಿರುಗಿದರು. "ಏನಮ್ಮಾ, ಹೈದರಾಬಾದಿನಾಗ ಅಷ್ಟು ವರ್ಷ ಓದಿದೆಲ್ಲ, ಒಂದು ನಕ್ಷಾ ತೆಗಿಯಾಕ ಬರ್ತೈತೋ, ಇಲ್ಲಾ ಅಂಗಳದಾಗ ರಂಗೋಲಿ ಹಾಕೋದಷ್ಟ ಕಲಿಸ್ಯಾರೋ?"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ, ನೆಲ ನೋಡಿದರು.

"ತೆಗೀತೀನ್ರಿ" ಎಂದೆ.

"ಇದ್ದದ್ದು ಇದ್ದಂಗ ಬರಬೇಕು ನೋಡು. ಒಳಗ ಬೆಂಚು. ದೊರೆಗಳ ಗುಡಿಯಾಗ ಯಾರೂ ನೆಲಕ್ಕ ಕುಂದ್ರಂಗಿಲ್ಲ. ಬೂಟು ಹಾಕ್ಕೊಂಡು ಒಳಗ ಬರೋದು, ಬೆಂಚಿನ ಮ್ಯಾಲ ಕುಂದ್ರೋದು."

ಹಳೆಯ ಹಜಾರದಲ್ಲಿ ಎಲ್ಲರೂ ನೆಲದ ಮೇಲೆ ಕುಳಿತುಕೊಳ್ಳುತ್ತಿದ್ದೆವು. ಚಪ್ಪಲಿ ಹೊರಗೆ, ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಜನ ಹೆಚ್ಚಾದರೆ ಒತ್ತಿಕೊಂಡು ಕೂರುವುದು. ನೆಲದ ಮೇಲೆ ಇನ್ನೂರು ಜನ ಹಿಡಿಸುವ ಜಾಗದಲ್ಲಿ ಬೆಂಚು ಹಾಕಿದರೆ ನೂರಿಪ್ಪತ್ತಕ್ಕೆ ಮುಗಿಯಿತು. ಆ ಲೆಕ್ಕ ನಿಂತಲ್ಲೇ ಮಾಡಿದೆ.

"ಬೆಂಚು ಹಾಕಿದ್ರ ಎಲ್ಲಾರೂ ಹಿಡಸಂಗಿಲ್ರಿ. ಹಳ್ಳಿಯೋರು ಹೊರಗ ಉಳೀತಾರ."

"ಅದಕ್ಕ ವರಾಂಡ ತೆಗಿ. ಅಗಲಾಗಿ ತೆಗಿ. ನಾರ್ವ ಕಡೀ ಮಂದಿ ಅಲ್ಲಿ ಕುಂದ್ರಲಿ, ಗಾಳೀನೂ ಬರ್ತೈತಿ. ಕೆಸರಗಾಲು, ಗೊಂಗಡಿ ವಾಸನಿ, ಅವರಿಗೂ ಬೆಂಚಿಗೂ ಏನು ಸಂಬಂಧ?"

ಪೇಶ್ಕಾರರ ತಾಯಿ ಬಂದದ್ದು ಅದೇ ನಾರ್ವದ ಕಡೆಯ ಹಳ್ಳಿಯಿಂದ, ಹೆಗಲ ಮೇಲೆ ಅಂಥದೇ ಒಂದು ಕರಿಕಂಬಳಿಯ ಗೊಂಗಡಿ ಹಾಕಿಕೊಂಡು. ಪಡಸಾಲೆಯಲ್ಲಿದ್ದ ಎಲ್ಲರಿಗೂ ಇದು ಗೊತ್ತಿತ್ತು. ಅಯ್ಯನವರು "ಹೌದೌದ್ರಿ, ಗಾಳಿ ಬರ್ತೈತಿ" ಎಂದರು.

ನನ್ನ ಅಜ್ಜಿ, ಅಪ್ಪನ ತಾಯಿ, ಆ ಹಳ್ಳಿಗಳಲ್ಲೊಂದರಲ್ಲಿ ಇದ್ದಳು. ಎಷ್ಟು ಕರೆದರೂ ನಮ್ಮ ಜೊತೆ ಇರಲು ಬರುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಊರಿನ ಹೆಂಗಸರ ಜೊತೆ ನಡೆದು ಬಂದು, ನಮ್ಮಲ್ಲಿ ತಂಗಿ, ಭಾನುವಾರ ಪ್ರಾರ್ಥನೆ ಮುಗಿಸಿ ಹಿಂತಿರುಗುವಳು. ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಅರ್ಧ. ಅದಕ್ಕೇ ಹಜಾರದಲ್ಲಿ ಎಲ್ಲರಿಗಿಂತ ಮುಂದೆ, ಅಯ್ಯನವರ ಪಾದಕ್ಕೆ ಒಂದು ಮೊಳ ದೂರದಲ್ಲಿ, ಒಳ್ಳೆಯ ಕಿವಿಯನ್ನು ಅವರ ಕಡೆ ತಿರುಗಿಸಿ ಕೂರುತ್ತಿದ್ದಳು. ಆ ಹಜಾರ ಕಟ್ಟುವಾಗ ಕಲ್ಲು ಹೊತ್ತವಳು ಅವಳು. ಆ ಜಾಗ ಅವಳದೆಂದು ಯಾರೂ ಬರೆದುಕೊಟ್ಟಿರಲಿಲ್ಲ, ಯಾರೂ ಅಲ್ಲಿ ಕೂರುತ್ತಲೂ ಇರಲಿಲ್ಲ.

ಆ ಶನಿವಾರ ಬಂದವಳೇ ಕೇಳಿದಳು. "ಹೊಸಾ ಗುಡಿ ಹೆಂಗಿರ್ತೈತವ್ವಾ?"

"ಬೆಂಚು ಹಾಕ್ತಾರಂತ ಆಯಿ."

"ಬೆಂಚಿನ ಮ್ಯಾಲ ಕಾಲು ಜೋತುಬಿದ್ದು ಜುಮ್ಮಂತಾವು. ನಾ ನೆಲಕ್ಕ ಕುಂದ್ರತೀನಿ ತಗೊ."

ಔಷಧಿಯ ಸೀಸೆಗಳನ್ನು ಒರೆಸುತ್ತಿದ್ದ ಅಪ್ಪ ತಲೆ ಎತ್ತದೆ ಗಟ್ಟಿಯಾಗಿ ಹೇಳಿದರು. "ನಿಮ್ಮನ್ನ ವರಾಂಡದಾಗ ಕುಂದ್ರಸ್ತಾರಂತವ್ವಾ."

"ವರಾಂಡ ಅಂದ್ರ?"

"ಹೊರಗ. ಬಾಗಿಲ ಮುಂದ."

ಅಜ್ಜಿ ಸೆರಗಿನ ತುದಿಯಿಂದ ಕಾಲಿನ ಧೂಳು ಒರೆಸಿಕೊಂಡಳು. ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಹೊರಗ ನಿಂತು ಕೇಳಾದು ನಾ ಸಣ್ಣಾಕಿ ಇದ್ದಾಗ ಮುಗಿಸೀನಿ" ಎಂದಳು. "ಹನುಮಪ್ಪನ ಗುಡಿ ಹೊರಗ ನಿಂತೂ ನಿಂತೂ ನಮ್ಮವ್ವನ ಕಾಲು ಬಿದ್ದುವು. ಈ ದೇವರ ಹತ್ರ ನಾ ಯಾಕ ಬಂದೀನಿ ಗೊತ್ತೈತೇನು? ಈ ದೇವರು ದೊಡ್ಡಾವ ಅಂತಲ್ಲ. ಒಳಗ ಬಾ, ಕುಂದ್ರು ಅಂದ್ರು. ಅದಕ್ಕ ಬಂದೆ. ಹೊರಗ ಕುಂದ್ರಸಿದ್ರ ನಾ ಬರಂಗಿಲ್ಲಪಾ. ಊರಾಗ ನಮ್ಮ ಬೇವಿನ ಗಿಡ ಐತಿ. ಅದರ ಬುಡಕ್ಕ ಕುಂತು ಪ್ರಾರ್ಥನಿ ಮಾಡ್ತೀನಿ."

ಸಿಟ್ಟಿನಲ್ಲಿ ಹೇಳಿದ್ದಲ್ಲ ಅದು. ನಾಳೆಯಿಂದ ಬೇರೆ ಬಾವಿಯ ನೀರು ತರುತ್ತೇನೆ ಎನ್ನುವ ಹಾಗೆ ಹೇಳಿದಳು. ಅವಳು ಹಾಗೆ ಹೇಳಿದ್ದನ್ನು ಮಾಡದೆ ಬಿಟ್ಟದ್ದಿಲ್ಲ. ಪ್ರಾರ್ಥನೆಗೆ ಬರುವುದು ನಿಂತರೆ ನಮ್ಮ ಮನೆಗೂ ಬರುವುದಿಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಅವರು ಒರೆಸಿದ ಸೀಸೆಯನ್ನೇ ಮತ್ತೆ ಒರೆಸತೊಡಗಿದರು. ಕಮಿಟಿಯ ಮುಂದೆ ಹೋಗಿ ನನ್ನ ತಾಯಿ ಒಳಗೆ ಕೂರಬೇಕು ಎಂದು ಅವರು ಹೇಳಲಾರರು. ನಾನೂ ಹೇಳಲಾರೆ. ಪೇಶ್ಕಾರರನ್ನು ತುಚ್ಛವಾಗಿ ಕಾಣುವುದು ನನಗೆ ಸುಲಭವಾಗಿತ್ತು. ಅವರ ಎದುರು ನಿಂತು ದನಿ ಎತ್ತುವುದು ಆಗುತ್ತಿರಲಿಲ್ಲ. ಇದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಅಂಚೆ ಕಾರ್ಡು ನನ್ನ ಬಳಿ ಹತ್ತು ದಿನ ಇತ್ತು. ಅಪ್ಪನ ಭೂತಗನ್ನಡಿಯನ್ನು ಇಟ್ಟು ಅದರ ಒಂದೊಂದು ಕಲ್ಲನ್ನೂ ನೋಡಿದೆ. ಮೂರನೇ ದಿನ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಕಟ್ಟಡಕ್ಕೆ ವರಾಂಡ ಇರಲಿಲ್ಲ. ಬಾಗಿಲ ಮೇಲೆ, ಕೆಳಗೆ ಇಬ್ಬರು ನಿಲ್ಲುವಷ್ಟು, ಒಂದು ಚಾಚು, ಅಷ್ಟೇ.

ಎರಡು ಹಾಳೆ ಬರೆದೆ. ಒಂದರಲ್ಲಿ ಕಟ್ಟಡದ ಮುಖ, ಎದುರು ನಿಂತು ನೋಡಿದರೆ ಕಾಣುವಂತೆ. ಇನ್ನೊಂದರಲ್ಲಿ ತಳದ ನಕ್ಷೆ, ಮೇಲಿನಿಂದ ನೋಡಿದ ಹಾಗೆ, ಅಳತೆಗಳೊಡನೆ. ಒಳಗಿನ ಅಗಲ ಇಪ್ಪತ್ತಾರು ಅಡಿ. ಎರಡೂ ಗೋಡೆಗೆ ಆನಿಸಿ ಆರಾರು ಅಡಿಯ ಬೆಂಚುಗಳ ಸಾಲು. ನಡುವೆ ಹದಿನಾಲ್ಕು ಅಡಿ, ಬಾಗಿಲಿನಿಂದ ವೇದಿಕೆಯವರೆಗೆ, ಏನೂ ಇಲ್ಲ. ಬರೀ ನೆಲ.

ಇದನ್ನು ಗುಟ್ಟಾಗಿ ಮಾಡಲಿಲ್ಲ. ಹಾಳೆ ಎಲ್ಲರ ಮುಂದೆ ಇತ್ತು. ಅಂಕಿಗಳನ್ನು ದಪ್ಪಗೆ ಬರೆದಿದ್ದೆ.

ಎರಡನೇ ಸಭೆಗೆ ಗದ್ವಾಲದಿಂದ ಮೇಸ್ತ್ರಿ ಬಂದಿದ್ದರು. ಸಂಸ್ಥಾನದ ಮಹಲಿನ ಕೆಲಸ ಮಾಡಿದ್ದ, ಬಿಳಿಗಡ್ಡದ ಮುಸಲ್ಮಾನರು. ಪೊಲೀಸ್ ಆಕ್ಷನ್ ಆದಮೇಲೆ ಒಂದು ವರ್ಷ ಊರು ಬಿಟ್ಟು ಕದಲಿರಲಿಲ್ಲವಂತೆ. ಹಿಂದೆ ಅವರನ್ನು ದಾರಿಯಲ್ಲಿ ಕಂಡರೆ ಪೇಶ್ಕಾರರೇ ಮೊದಲು ಸಲಾಂ ಮಾಡುತ್ತಿದ್ದರು. ಈಗ "ಏ ಮೇಸ್ತ್ರಿ, ಈ ಕಡೆ ಬಾ" ಎಂದರು.

ಕಟ್ಟಡದ ಮುಖ ಬರೆದ ಹಾಳೆಯ ಸುತ್ತ ಎಲ್ಲರೂ ಬಾಗಿದರು. ತಳದ ನಕ್ಷೆಯ ಮೇಲೆ ಯಾರೋ ಚಹಾದ ಕಪ್ಪುಬಸಿ ಇಟ್ಟರು.

ಪೇಶ್ಕಾರರು ಬಾಗಿಲ ಕಮಾನಿನ ಮೇಲೆ ಬೆರಳಿಟ್ಟು ಮುಖ ಗಂಟಿಕ್ಕಿದರು. "ಇದು ಮಸೂತಿ ಕಮಾನಿನಂಗ ಕಾಣ್ತೈತಲ್ಲ! ಇದು ನಡಿಯಂಗಿಲ್ಲ. ಕಾಲ ಎಂಥಾದೈತಿ, ನೋಡಿದೋರು ಏನಂತಾರ?"

"ಕಾರ್ಡಿನಾಗ ಇದ್ದಂಗ ತೆಗದೀನ್ರಿ" ಎಂದೆ.

"ಕಾರ್ಡಿನಾಗ ಇರೋದು ಇಂಗ್ಲೀಷ್ ಕಮಾನು. ನೀ ತೆಗದದ್ದು ಮಸೂತೀದು."

ಮೇಸ್ತ್ರಿ ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಗಡ್ಡದೊಳಗೆ ನಕ್ಕರೋ ಏನೋ. "ಸಾಬ್, ನಾವು ಎರಡು ಗೂಟ ಹೊಡದು ಹಗ್ಗ ತಿರುಗಿಸ್ತೀವಿ, ಕಮಾನು ಆಗ್ತೈತಿ. ಇಂಗ್ಲೀಷಿಂದು ಎಷ್ಟು ಚೂಪು, ಮಸೂತೀದು ಎಷ್ಟು ಚೂಪು, ಬೆರಳು ಇಟ್ಟು ತೋರಸ್ರಿ. ಹಂಗ ಕಟ್ತೀನಿ."

ಪೇಶ್ಕಾರರು ಬೆರಳು ಇಟ್ಟರು. ತೆಗೆದರು. ಇನ್ನೊಂದು ಕಡೆ ಇಟ್ಟರು. ನಾನು ರಬ್ಬರಿನಿಂದ ಕಮಾನನ್ನು ಅಳಿಸಿ, ಕೈವಾರದ ಮುಳ್ಳನ್ನು ಹಳೆಯ ತೂತಿನಲ್ಲೇ ಊರಿ, ಅದೇ ಕಮಾನನ್ನು ಇನ್ನೊಮ್ಮೆ ಎಳೆದೆ.

"ಹ್ಞಾಂ! ಈಗ ನೋಡು" ಎಂದರು ಪೇಶ್ಕಾರರು. "ಈಗ ಇಂಗ್ಲೀಷಾತು."

"ಹೌದೌದ್ರಿ" ಎಂದರು ಅಯ್ಯನವರು.

ಮೇಸ್ತ್ರಿ ನನ್ನ ಕಡೆ ಒಮ್ಮೆ ನೋಡಿ ಬೇರೆ ಕಡೆ ತಿರುಗಿದರು. ಕಮಾನಿನಿಂದ ಮಾತು ಗೋಪುರಕ್ಕೆ ಹೋಯಿತು, ಗೋಪುರದಿಂದ ಗಂಟೆಗೆ. ಗಂಟೆಯ ಹಗ್ಗವನ್ನು ಯಾರು ಎಳೆಯಬೇಕೆಂದು ಅರ್ಧ ತಾಸು ಜಗಳವಾಯಿತು. ಕೊನೆಗೆ ಪೇಶ್ಕಾರರಿಗೆ ನೆನಪಾಯಿತು.

"ವರಾಂಡ ಎಲ್ಲೈತಮ್ಮಾ?"

"ಚಿತ್ರದಾಗ ವರಾಂಡ ಇಲ್ರಿ."

ಅವರು ಕಾರ್ಡು ಕಸಿದುಕೊಂಡು ನೋಡಿದರು. ತಿರುಗಿಸಿ, ದೊರೆಸಾನಿಯ ಕೈಬರಹದ ಕಡೆಯೂ ನೋಡಿದರು, ವರಾಂಡ ಅಲ್ಲೇನಾದರೂ ಇದೆಯೋ ಎಂಬಂತೆ.

"ವರಾಂಡ ಇದ್ರ ಬಂಗಲೆ ಆಗ್ತೈತ್ರಿ. ಚರ್ಚು ಆಗಂಗಿಲ್ಲ" ಎಂದೆ. ಇದು ನಾನು ಕಟ್ಟಿದ ಮಾತು. ಯಾವ ಪುಸ್ತಕದಲ್ಲೂ ಓದಿದ್ದಲ್ಲ.

"ಬ್ಯಾಡ ಹಂಗಾದ್ರ" ಎಂದರು ಅವರು ತಕ್ಷಣ. "ಹಳ್ಳಿ ಮಂದಿ ಹೊರಗ ಗಿಡದ ನೆಳ್ಳಾಗ ಕುಂದ್ರಲಿ ಬಿಡು."

ಬಸಿ ಎತ್ತಿ, ತಳದ ನಕ್ಷೆಯ ಕೆಳಗೆ ರುಜು ಹಾಕಿದರು. ಖಾದಿ ಟೋಪಿಯವರು, ಆದರೆ ಕೈ ಹಳೆಯ ಅಭ್ಯಾಸದಂತೆ ಬಲದಿಂದ ಎಡಕ್ಕೆ ಉರ್ದುವಿನಲ್ಲಿ ಓಡಿತು. ಅದರ ಮೇಲಿದ್ದ ಅಂಕಿಗಳನ್ನು ಓದಲಿಲ್ಲ. ಜೀವಮಾನವಿಡೀ ಕಡತ ಮುಂದಿಟ್ಟವರು; ಒಳಗೆ ಏನಿದೆಯೆಂದು ನೋಡುವುದು ಸಾಹೇಬರ ಕೆಲಸ, ತಮ್ಮದಲ್ಲ ಎಂದೇ ಅವರು ಕಲಿತದ್ದು. ಇದನ್ನು ನಾನು ಮೊದಲೇ ಎಣಿಸಿದ್ದೆ.

ಮೇಸ್ತ್ರಿ ಓದಿದರು. ಕಂದು ಬಣ್ಣದ ಚಹಾದ ವೃತ್ತ ಬಿದ್ದಿದ್ದ ಹಾಳೆಯನ್ನು ಬಿಸಿಲಿಗೆ ಹಿಡಿದು, "ನಡುವ ಹದಿನಾಲ್ಕಾ, ಬೇಟಿ?" ಎಂದರು.

"ಹೌದ್ರಿ ಚಾಚಾ. ಹದಿನಾಲ್ಕು."

"ಠೀಕ್ ಐತಿ" ಎಂದು ಮಡಚಿ ಎದೆಯ ಜೇಬಿಗೆ ಹಾಕಿಕೊಂಡರು.

ಬುನಾದಿಗೆ ಸುಣ್ಣದ ಗೆರೆ ಎಳೆದ ದಿನ ಪೇಶ್ಕಾರರು ಬಂದರು. ಕಾಗದದ ಮೇಲೆ ಕಾಣದ್ದು ನೆಲದ ಮೇಲೆ ಕಂಡಿತು. ಬೆಂಚಿನ ಗುರುತಿನಿಂದ ಬೆಂಚಿನ ಗುರುತಿಗೆ ಹೆಜ್ಜೆ ಹಾಕಿ ನಿಂತರು. ನಾನು ದವಾಖಾನೆಯ ಕಟ್ಟೆಯ ಮೇಲೆ ನಿಂತಿದ್ದೆ.

"ಇದೇನು ಮೇಸ್ತ್ರಿ, ನಡುವ ಇಷ್ಟು ಖಾಲಿ? ಎತ್ತಿನ ಬಂಡಿ ಹೊಡೀತಾರೇನು ಇಲ್ಲಿ?"

ಮೇಸ್ತ್ರಿ ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ. "ಸಾಬ್, ದೊಡ್ಡೋರು ಬರೋ ದಾರಿ ಇದು. ಮಹಲಿನ್ಯಾಗೂ ಹಿಂಗ ಬಿಟ್ಟಿದ್ವಿ. ದೊರೆಗಳು ಮುಂದ, ಅವರ ಹಿಂದ ನೀವು, ಬಾಗಿಲಿಂದ ಅಲ್ಲೀತನಕ ನಡಕೊಂತ ಹೋಗಬೇಕು. ಸಣ್ಣ ಸಂದಿ ಇದ್ರ ಏನು ಶಾನು?"

ಪೇಶ್ಕಾರರು ಬಾಗಿಲಾಗಬೇಕಾದ ಜಾಗಕ್ಕೆ ಹಿಂದೆ ಬಂದರು. ಕೋಟು ಎಳೆದುಕೊಂಡರು. ಗೋಡೆಯಿಲ್ಲದ, ಚಾವಣಿಯಿಲ್ಲದ ಆ ಬಯಲಿನಲ್ಲಿ, ಸುಣ್ಣದ ಎರಡು ಗೆರೆಗಳ ನಡುವೆ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಧಾನವಾಗಿ ನಡೆದುಹೋದರು. ತುದಿಯಲ್ಲಿ ನಿಂತು ಯಾರಿಗೋ ತಲೆ ಬಾಗಿಸಿದರು. ಅಲ್ಲಿ ಒಂದು ಕರು ಬಿಟ್ಟರೆ ಯಾರೂ ಇರಲಿಲ್ಲ.

"ಇರಲಿ, ಇರಲಿ" ಎಂದರು. "ಹಿಂಗ ಇರಲಿ."

ಕಟ್ಟಡ ಮುಗಿಯಲು ಒಂದೂವರೆ ವರ್ಷ ಹಿಡಿಯಿತು. ಚಾವಣಿಗೆ ಸುಣ್ಣ ಹಚ್ಚುವಾಗ ಮೇಸ್ತ್ರಿ ಒಮ್ಮೆ ನನ್ನನ್ನು ಕೇಳಿದರು, ಇದು ಯಾಕೆ ಎಂದು. ಹೇಳಿದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಹಚ್ತೀನಿ ಬೇಟಿ, ಒಳಗ ತಂಪಾದ್ರೂ ಇರ್ತೈತಿ" ಎಂದರು. ತಂಪಾಗಿಯೇ ಇದೆ. ಪೇಶ್ಕಾರರ ತಲೆಯಿಂದ ಬಂದದ್ದರಲ್ಲಿ ಉಪಯೋಗಕ್ಕೆ ಬಿದ್ದದ್ದು ಅದೊಂದೇ.

ಆ ತಿಂಗಳುಗಳಲ್ಲಿ ಪ್ರಾರ್ಥನೆ ದವಾಖಾನೆಯ ಅಂಗಳದಲ್ಲಿ ನಡೆಯುತ್ತಿತ್ತು, ಅಜ್ಜಿ ಬರುತ್ತಿದ್ದಳು. ಹೊಸದರ ಬಾಗಿಲು ತೆರೆಯುವ ಮುಂಚಿನ ವಾರ, "ಇದೇ ಕಡೀದವ್ವಾ" ಎಂದಳು. ನಡುವೆ ಬಿಟ್ಟ ನೆಲದ ಮಾತನ್ನು ಅವಳ ಕಿವಿಗೆ ಹೇಳಿದರೆ ಊರಿಗೆಲ್ಲ ಕೇಳುವ ಹಾಗೆ ಹೇಳಬೇಕಿತ್ತು. "ಒಂದು ಸಲ ಬಂದು ನೋಡು ಆಯಿ. ಆಮ್ಯಾಲ ಬಿಡು" ಎಂದೆ, ಅಷ್ಟೇ.

ಬಾಗಿಲು ತೆರೆಯುವ ಬೆಳಿಗ್ಗೆ ಪೇಶ್ಕಾರರು ನಾರಾಯಣಪೇಟೆಯ ಮಗ್ಗದಲ್ಲಿ ಹೇಳಿ ನೇಯಿಸಿದ ಕೆಂಪು ಬಟ್ಟೆಯ ಉದ್ದನೆಯ ಪಟ್ಟಿಯನ್ನು ನಡುವೆ ಹಾಸಿಸಿದ್ದರು. ಅಂಚಿಗೆ ಚಿಕ್ಕ ಜರಿ. ದೊರೆಗಳು ಅದರ ಮೇಲೆ ನಡೆಯಬೇಕು, ಹಿಂದೆ ಅವರು. ಮಿಷನ್ನಿನ ದೊರೆಗಳ ಮೋಟಾರು ಇನ್ನೂ ಬಂದಿರಲಿಲ್ಲ. ಪೇಶ್ಕಾರರು ಹಾರ ಹಿಡಿದು ರಸ್ತೆಯಲ್ಲಿ ನಿಂತಿದ್ದರು.

ಅಷ್ಟರಲ್ಲಿ ಹಳ್ಳಿಯವರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಇಣುಕಿದರು. ಒಳಗೆ, ಕಣ್ಣೆದುರು, ನೀಟಾಗಿ ಬಂಡೆ ಹಾಸಿದ ಹದಿನಾಲ್ಕು ಅಡಿ ನೆಲ. ಯಾರನ್ನೂ ಕೇಳಬೇಕೆಂದು ಅವರಿಗೆ ಅನ್ನಿಸಲಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಯಾವಾಗಲೂ ಕೂರುವ ಹಾಗೆ ಕುಳಿತರು. ಅಜ್ಜಿ ಮುಂದೆ ನಡೆದಳು, ಕೆಂಪು ಬಟ್ಟೆಯ ಮೇಲೆ ಕಾಲಿಡದೆ, ಪಕ್ಕದಿಂದ. ತುದಿಯಲ್ಲಿ ಬಾಗಿ ಅದನ್ನು ಬೆರಳುಗಳ ನಡುವೆ ಹಿಡಿದು ನೋಡಿದಳು.

"ಹೊಸಾ ಬಟ್ಟಿ! ಯಾರೋ ಕಣ್ಣು ಕಳಕೊಂಡು ನೇಯ್ದಾರ. ಇದನ್ನ ನೆಲಕ್ಕ ಒಗದು ಹೋಗ್ಯಾರಲ್ಲ, ತುಳದಾಡಾಕ. ಎತ್ರವ್ವಾ."

ಮೈಗೆ ಹಾಕುವ ಹೊಸ ನೇಯ್ಗೆಯನ್ನು ನಮ್ಮ ಕಡೆ ಯಾರೂ ತುಳಿಯುವುದಿಲ್ಲ. ನಾಲ್ವರು ಹೆಂಗಸರು ಎದ್ದು, ಮನೆಯ ಸೀರೆ ಮಡಿಸುವ ಹಾಗೆ ತುದಿಗೆ ತುದಿ ಕೂಡಿಸಿ ಮಡಚಿ, ಎಡಗಡೆಯ ಮೊದಲ ಬೆಂಚಿನ ಮೇಲೆ ಇಟ್ಟರು. ಅದು ಪೇಶ್ಕಾರರ ಬೆಂಚು. ಅದರ ಪಕ್ಕಕ್ಕೆ ತಮ್ಮ ರೊಟ್ಟಿಯ ಗಂಟುಗಳನ್ನೂ ಇಟ್ಟರು.

ದೊರೆಗಳು ಬಂದಾಗ ನಡುವಿನ ನೆಲ ತುಂಬಿಹೋಗಿತ್ತು. ಅವರು ಹೊರಗೇ ನಿಂತು ಚಾವಣಿ ನೋಡಿ ಇಂಗ್ಲಿಷಿನಲ್ಲಿ, ಹೆಂಚಿಗೆ ಏಕೆ ಬಿಳಿ ಬಳಿದಿದ್ದೀರಿ ಎಂದು ಕೇಳಿದರು. ಅಯ್ಯನವರು ಅದನ್ನು ಕನ್ನಡಕ್ಕೆ ತಿರುಗಿಸಿದೊಡನೆ ಪೇಶ್ಕಾರರು ಜೇಬಿನಿಂದ ಕಾರ್ಡು ತೆಗೆದು ತೋರಿಸಿದರು. ದೊರೆಗಳು ಒಂದು ಕ್ಷಣ ನೋಡಿ, ಇದು ಹಿಮವಲ್ಲವೇ ಎಂದು ಅಯ್ಯನವರಿಗೆ ಹೇಳಿ ನಕ್ಕರು.

"ಏನಂದ್ರು? ಏನಂದ್ರು?" ಎಂದರು ಪೇಶ್ಕಾರರು.

"ದೊರೆಗಳಿಗೆ ಭಾಳ ಸಂತೋಷ ಆಗೈತಂತ್ರಿ" ಎಂದರು ಅಯ್ಯನವರು. ಅವರನ್ನು ನಾನು ಸ್ವಲ್ಪ ಕಡಿಮೆ ಅಂದಾಜು ಮಾಡಿದ್ದೆನೇನೋ.

ದೊರೆಗಳು ಬೆಂಚುಗಳಿಗೂ ಜನರಿಗೂ ನಡುವಿನ ಸಂದಿಯಲ್ಲಿ, ಓರೆಯಾಗಿ ನಡೆದು ವೇದಿಕೆ ತಲುಪಿದರು. ಹಿಂದೆ ಪೇಶ್ಕಾರರು, ಬೂಟು ಯಾರ ಕೈಗೂ ತಾಗದಂತೆ ಕಾಲೆತ್ತಿ ಕಾಲೆತ್ತಿ. "ಏಳ್ರಿ, ಏಳ್ರಿ, ಹೊರಗ ಹೋಗ್ರಿ" ಎಂದು ಪಿಸುಗುಟ್ಟುತ್ತಿದ್ದರು. ಅವರು ಪಿಸುಗುಟ್ಟಿದ್ದು ಅಜ್ಜಿಯ ಕೆಟ್ಟ ಕಿವಿಗೆ. ಅವಳು ಒಳ್ಳೆಯ ಕಿವಿಯನ್ನು ವೇದಿಕೆಯ ಕಡೆ ತಿರುಗಿಸಿ, ಅದಕ್ಕೆ ಒಂದು ಮೊಳ ದೂರದಲ್ಲಿ, ಕಾಲು ಮಡಚಿ ಕುಳಿತುಬಿಟ್ಟಿದ್ದಳು. ಅಷ್ಟರಲ್ಲಿ ಹಾಡು ಶುರುವಾಯಿತು.

ಎರಡನೇ ಹಾಡಿಗೆ ಪೇಶ್ಕಾರರ ಹೆಂಡತಿ ಬೆಂಚಿನಿಂದ ಇಳಿದರು. ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಅಜ್ಜಿಯ ಪಕ್ಕ ಕುಳಿತು, "ಸ್ವಲ್ಪ ಸರಿಯವ್ವಾ" ಎಂದರು. ಅಜ್ಜಿ ಸರಿದಳು.

ಮುಂದಿನ ಶನಿವಾರ ಅಜ್ಜಿ ಬಂದಳು. ಅದರ ಮುಂದಿನದಕ್ಕೂ. ಗುಡಿಯ ಬಗ್ಗೆ ಅವಳು ಹೇಳಿದ್ದು ಒಂದೇ ಮಾತು: "ಎಲ್ಲಾ ಚಂದ ಐತಿ. ಆ ಬೆಂಚು ಯಾಕ ಇಟ್ಟಾರೋ, ಅಡ್ಡ ಆಗ್ತಾವು."

ಈಗಲೂ ನೆಲದಲ್ಲಿ ಕೂರುವವರು ನೆಲದಲ್ಲೇ ಕೂರುತ್ತಾರೆ. ಪೇಶ್ಕಾರರು ಮಾತ್ರ ಆ ಮೊದಲ ಬೆಂಚಿನಲ್ಲಿ, ಬೂಟು ಹಾಕಿಕೊಂಡು, ರೊಟ್ಟಿಯ ಗಂಟುಗಳ ಸಾಲಿನ ಕೊನೆಗೆ ನೆಟ್ಟಗೆ ಕುಳಿತಿರುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ಬಂದು, "ಸರೀರಿ ಯಜಮಾನ್ರ, ನಮ್ಮ ಗಂಟು" ಎನ್ನುತ್ತಾರೆ. ಅವರು ಎತ್ತಿ ಕೊಡುತ್ತಾರೆ.